ಬೆನ್ನೆಲುಬಿನ ಬಿಲ್ಲೆಯೂ ಮೂಕಪ್ರಾಣಿಗಳ ಸಾಕ್ಷ್ಯವೂ

ಕನ್ನಂಬಾಡಿಯ ಅಣೆಕಟ್ಟು ತುಂಬಿದಾಗ ಅದರ ನೀರಿನ ಮಟ್ಟ 124.8 ಅಡಿ, ಎಂದರೆ ಸುಮಾರು 38 ಮೀಟರು. ಅಷ್ಟು ಆಳದಲ್ಲಿ ನೀರು ಕಟ್ಟೆಯ ಕಲ್ಲನ್ನು ಎಷ್ಟು ಒತ್ತುತ್ತದೆಂಬುದನ್ನು ಹೈಸ್ಕೂಲಿನ ವಿದ್ಯಾರ್ಥಿಯೂ ಲೆಕ್ಕ ಹಾಕಿ ಹೇಳಬಲ್ಲನು: ವಾಯುಮಂಡಲದ ಒತ್ತಡದ ಸುಮಾರು ಮೂರೂಮುಕ್ಕಾಲು ಪಟ್ಟು. ಕಟ್ಟೆಯ ಕೆಳಗಿನ ಬೃಂದಾವನದಲ್ಲಿ ಸುಮ್ಮನೆ ನಿಂತು ಕಾರಂಜಿಯನ್ನು ನೋಡುತ್ತಿರುವ ಒಬ್ಬ ಮನುಷ್ಯನನ್ನು ಈಗ ತೆಗೆದುಕೊಳ್ಳೋಣ. ಅವನ ಸೊಂಟದಲ್ಲಿ ಎರಡು ಮೂಳೆಗಳ ನಡುವೆ ಇರುವ, ಅಂಗೈಯೊಳಗೆ ಅಡಗುವಷ್ಟು ಚಿಕ್ಕದಾದ ಒಂದು ಮೆತ್ತನೆಯ ಬಿಲ್ಲೆಯೊಳಗಿನ ಒತ್ತಡ ಆ ಗಳಿಗೆಯಲ್ಲಿ ಸುಮಾರು 5 ವಾಯುಮಂಡಲ. ಅವನು ಮಂಡಿಯನ್ನು ಮಡಿಸದೆ ಬೆನ್ನನ್ನು ಬಗ್ಗಿಸಿ 20 ಕಿಲೋಗ್ರಾಂ ತೂಕದ ಚೀಲವೊಂದನ್ನು ಎತ್ತಿದನಾದರೆ ಅದು 23 ವಾಯುಮಂಡಲಕ್ಕೆ ಏರುತ್ತದೆ. ಕಾವೇರಿಯ ನೀರನ್ನು ತಡೆದು ನಿಲ್ಲಿಸಿರುವ ಕಟ್ಟೆಯ ಬುಡಕ್ಕಿಂತ ಆರು ಪಟ್ಟು ಹೆಚ್ಚಿನ ಒತ್ತಡವನ್ನು ನಮ್ಮ ಬೆನ್ನು ದಿನವೂ ತಾಳುತ್ತಿದೆಯೆಂದರೆ ನಂಬುವುದು ಸುಲಭವಲ್ಲ.

ಇವು ಊಹೆಯ ಅಂಕೆಗಳಲ್ಲ. 1964ರಲ್ಲಿ ಸ್ವೀಡನ್ನಿನ ನಾಕೆಮ್ಸನ್ ಎಂಬ ವೈದ್ಯರೂ ಅಮೆರಿಕದ ಮಾರಿಸ್ ಎಂಬವರೂ ಬದುಕಿರುವ ಮನುಷ್ಯರ ಬಿಲ್ಲೆಯೊಳಗೆ ಸೂಜಿಯನ್ನು ಇಳಿಸಿ ಒತ್ತಡವನ್ನು ಅಳೆದುದನ್ನು ಪ್ರಕಟಿಸಿದರು. ಮೇಲೆ ಕೊಟ್ಟಿರುವ ಅಂಕೆಗಳು 1999ರಲ್ಲಿ ಜರ್ಮನಿಯ ಉಲ್ಮ್ ನಗರದಲ್ಲಿ ವಿಲ್ಕೆ ಮತ್ತು ಅವರ ಸಂಗಡಿಗರು ಒಬ್ಬ ಸ್ವಯಂಸೇವಕನ ಬೆನ್ನಿನಲ್ಲಿ ಅಳೆದವು. ಮಂಡಿ ಮಡಿಸಿ, ಬೆನ್ನು ನೆಟ್ಟಗಿಟ್ಟು ಅದೇ ಭಾರವನ್ನು ಎತ್ತಿದಾಗ 17 ವಾಯುಮಂಡಲ. ಬೋರಲು ಮಲಗಿದಾಗ ಕೇವಲ 1. ಕಾರಣವನ್ನು ಸನ್ನೆಯ ನಿಯಮದಲ್ಲಿ ಹುಡುಕಬೇಕು. ಬಗ್ಗಿದವನ ಕೈಯಲ್ಲಿನ ಭಾರ ಬಿಲ್ಲೆಯಿಂದ ಅರ್ಧ ಮೀಟರಿನಷ್ಟು ದೂರದಲ್ಲಿದೆ. ಅದನ್ನು ಹಿಂದಕ್ಕೆ ಎಳೆದು ಹಿಡಿಯುವ ಬೆನ್ನಿನ ಸ್ನಾಯುಗಳಾದರೋ ಐದಾರು ಸೆಂಟಿಮೀಟರು ದೂರದಲ್ಲಿವೆ. ಆದುದರಿಂದ ಸ್ನಾಯುಗಳು ಎಂಟು ಹತ್ತು ಪಟ್ಟು ಬಲವನ್ನು ಹಾಕಬೇಕಾಗುತ್ತದೆ; ಆ ಬಲವೆಲ್ಲವೂ ಬಿಲ್ಲೆಯ ಮೇಲೆ ಬೀಳುತ್ತದೆ. ಪಾಂಡವಪುರದ ಬಯಲಿನಲ್ಲಿ ಕಬ್ಬು ಕಡಿದು, ಕಟ್ಟು ಕಟ್ಟಿ, ಗಾಡಿಗೆ ತುಂಬುವ ಆಳಿನ ಬೆನ್ನಿಗೂ ಶ್ರೀರಂಗಪಟ್ಟಣದ ಗದ್ದೆಗಳಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡುವ ಹೆಂಗಸಿನ ಬೆನ್ನಿಗೂ ಈ ಗಣಿತ ಒಂದೇ.

ಮಾನವನ ಬೆನ್ನೆಲುಬಿನಲ್ಲಿ ಇಂತಹ ಬಿಲ್ಲೆಗಳು 23. ಪ್ರತಿಯೊಂದರ ನಡುವೆಯೂ ಲೋಳೆಯಂತಹ ತಿರುಳು; ಅದರ ಸುತ್ತಲೂ ಈರುಳ್ಳಿಯ ಪದರಗಳಂತೆ ಒಂದರ ಮೇಲೊಂದು ಸುತ್ತಿದ ನಾರಿನ ಉಂಗುರಗಳು. ಒಂದು ಪದರದ ನಾರು ಬಲಕ್ಕೆ ಓರೆಯಾದರೆ ಮುಂದಿನದು ಎಡಕ್ಕೆ ಓರೆ. ಮೋಟಾರು ಗಾಡಿಯ ಟೈರಿನಲ್ಲಿಯೂ ನೂಲನ್ನು ಹೀಗೆಯೇ ಹೆಣೆಯುವುದುಂಟು. ತಿರುಳಿನಲ್ಲಿ ಸಸಾರಜನಕಕ್ಕೆ ಸಕ್ಕರೆಯ ಸರಪಳಿಗಳು ಅಂಟಿಕೊಂಡ ದೊಡ್ಡ ಅಣುಗಳಿವೆ. ಆ ಸರಪಳಿಗಳ ಮೇಲೆ ಋಣವಿದ್ಯುತ್ತು ದಟ್ಟವಾಗಿ ಕುಳಿತಿದೆ. ಅವು ಲವಣದ ಧನ ಅಯಾನುಗಳನ್ನು ಸೆಳೆಯುತ್ತವೆ. ಅಯಾನುಗಳ ಹಿಂದೆ ನೀರು ಬರುತ್ತದೆ. ನೆನೆಹಾಕಿದ ಕಾಮಕಸ್ತೂರಿ ಬೀಜ ಉಬ್ಬುವುದನ್ನು ಕಂಡವರಿಗೆ ಇದರ ಬಗೆ ಹೊಳೆದೀತು. ಬೀಜಕ್ಕೆ ಉಬ್ಬಲು ಲೋಟವೆಲ್ಲ ಇದೆ; ತಿರುಳಾದರೋ ಉಂಗುರದ ಸೆರೆಯಲ್ಲಿದೆ. ಆದುದರಿಂದಲೇ ಒತ್ತಡ. ಹಗಲೆಲ್ಲ ಭಾರಕ್ಕೆ ನೀರು ಹಿಂಡಿಹೋಗಿ ಸಂಜೆಗೆ ನಾವು ಶೇಕಡ 1ರಷ್ಟು ಕುಳ್ಳಾಗುತ್ತೇವೆ. ರಾತ್ರಿ ಮಲಗಿದಾಗ ತಿರುಳು ನೀರನ್ನು ಮತ್ತೆ ಕುಡಿಯುತ್ತದೆ. ವಿಲ್ಕೆಯವರ ಸ್ವಯಂಸೇವಕನು ಏಳು ಗಂಟೆ ಮಲಗಿದ್ದಾಗ ಅವನ ಬಿಲ್ಲೆಯ ಒತ್ತಡ 1ರಿಂದ 2.4 ವಾಯುಮಂಡಲಕ್ಕೆ ತಾನಾಗಿಯೇ ಏರಿತು.

ವಯಸ್ಸಾದಂತೆ ದೊಡ್ಡ ಅಣುಗಳು ಮುರಿಯುತ್ತವೆ, ನೀರು ಕಡಿಮೆಯಾಗುತ್ತದೆ, ಉಂಗುರ ಬಿರಿಯುತ್ತದೆ. ಬಿರುಕಿನಿಂದ ತಿರುಳು ಹಿಂದಕ್ಕೆ ನುಗ್ಗಿ ನರದ ಬುಡವನ್ನು ತಾಗಿದಾಗ ಸೊಂಟದಿಂದ ಕಾಲಿನವರೆಗೆ ಮಿಂಚಿನಂತಹ ನೋವು ಹರಿಯುತ್ತದೆ. ಡಾಕ್ಟರು ಇದನ್ನು ಸಯಾಟಿಕ ಎನ್ನುವರು. ಆಯುರ್ವೇದದವರು ಗೃಧ್ರಸಿ ಎನ್ನುವರು. ನೋವಿನ ಕಾರಣ ಬಿಲ್ಲೆಯ ತಿರುಳೆಂಬುದನ್ನು 1934ರಲ್ಲಿ ಬೋಸ್ಟನ್ ನಗರದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು ಎಲ್ಲರಿಗೂ ಮನಗಾಣಿಸಿದರು. ತಿಳಿದ ಮೇಲೆ ಸಹಜವಾಗಿಯೇ ಪ್ರಶ್ನೆ ಬಂದಿತು: ಕೊಯ್ಯದೆ ಇದನ್ನು ಗುಣಪಡಿಸಬಹುದೆ? ಮನುಷ್ಯನ ಬಿಲ್ಲೆಯನ್ನು ಬೇಕೆಂದು ಕೆಡಿಸಿ ಪರೀಕ್ಷೆ ಮಾಡುವಂತಿಲ್ಲ. ಹೀಗೆ ಮೊಲ, ನಾಯಿ, ಹಂದಿ, ಕುರಿಗಳು ಪ್ರಯೋಗಶಾಲೆಗೆ ಬಂದವು.

ನಾಲ್ಕು ಕಾಲಿನವು ಸಾಕ್ಷಿಯಾದಾವೆ?

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿಯೂ ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದಲ್ಲಿಯೂ ವರ್ಷ ವರ್ಷ ಸೇರುವ ದನಗಳ ಜಾತ್ರೆಗೆ ಹೋಗಿ, ಹಳ್ಳಿಕಾರ್ ಎತ್ತಿನ ಬೆನ್ನಿನ ಗೆರೆಯನ್ನು ನೋಡಿದವನು ಕೇಳಬಹುದು: ಇದರ ಬೆನ್ನೆಲುಬು ಸೇತುವೆಯಂತೆ ಅಡ್ಡಲಾಗಿದೆ, ನಮ್ಮದು ಕಂಬದಂತೆ ನೆಟ್ಟಗಿದೆ, ಒಂದರ ಮಾತು ಇನ್ನೊಂದಕ್ಕೆ ಹೇಗೆ ಸಲ್ಲುತ್ತದೆ? ಪ್ರಶ್ನೆ ಸರಿಯಾದುದೇ. ಆದರೆ ಅಡ್ಡಲಾಗಿರುವ ಮಣಿಗಳ ಸಾಲು ತಾನಾಗಿ ನಿಲ್ಲಲಾರದು. ದಾರದಲ್ಲಿ ಪೋಣಿಸಿದ ಮಣಿಗಳನ್ನು ಅಡ್ಡಲಾಗಿ ನೆಟ್ಟಗೆ ಹಿಡಿಯಬೇಕಾದರೆ ದಾರವನ್ನು ಎರಡೂ ತುದಿಗಳಿಂದ ಬಿಗಿಯಾಗಿ ಎಳೆಯಬೇಕು. ಆಗ ಮಣಿಗಳು ಒಂದನ್ನೊಂದು ಉದ್ದಕ್ಕೂ ಒತ್ತುತ್ತವೆ. ಪ್ರಾಣಿಯಲ್ಲಿ ದಾರದ ಕೆಲಸವನ್ನು ಮಾಡುವವು ಸ್ನಾಯುಗಳು ಮತ್ತು ಕಟ್ಟುನಾರುಗಳು. 2002ರಲ್ಲಿ ನೆದರ್ಲೆಂಡ್ಸಿನ ಸ್ಮಿಟ್ ಎಂಬವರು ಮೂಳೆಯೊಳಗಿನ ಸಣ್ಣ ತೊಲೆಗಳು ಯಾವ ದಿಕ್ಕಿನಲ್ಲಿವೆ ಎಂಬುದನ್ನು ಆಧಾರವಾಗಿಟ್ಟುಕೊಂಡು, ಚತುಷ್ಪಾದಿಗಳ ಬಿಲ್ಲೆಯ ಮೇಲೆ ಬೀಳುವ ಮುಖ್ಯ ಬಲವೂ ಉದ್ದಕ್ಕೇ ಇದೆಯೆಂದು ವಾದಿಸಿದರು. ಆದುದರಿಂದ ಯಂತ್ರಶಾಸ್ತ್ರದ ಮಟ್ಟಿಗೆ ಕುರಿ ಒಳ್ಳೆಯ ಸಾಕ್ಷಿ. ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಆಸ್ಟಿ ಮೊದಲಾದವರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕುರಿಗಳ ಉಂಗುರದ ಹೊರಭಾಗವನ್ನು ಮಾತ್ರ ಕೊಯ್ದು, ಒಳಭಾಗವನ್ನೂ ತಿರುಳನ್ನೂ ಮುಟ್ಟದೆ ಬಿಟ್ಟರು. ಹೊರಗಿನ ಗಾಯ ಮಾಯ್ದಿತು. ಆದರೂ ಕೆಲವು ತಿಂಗಳುಗಳಲ್ಲಿ ಒಳಗಿನ ಉಂಗುರ ತಾನಾಗಿ ಬಿರಿದು ತಿರುಳು ಕೆಟ್ಟಿತು. ಅಂಚಿನ ಚಿಕ್ಕ ಬಿರುಕೂ ಇಡೀ ಬಿಲ್ಲೆಯನ್ನು ಕೆಡಿಸಬಲ್ಲದೆಂದು ಕುರಿಯೇ ಹೇಳಿಕೊಟ್ಟಿತು.

ನಾಯಿಯ ವಿಷಯ ಬೇರೆ. ಅದರ ಬಿಲ್ಲೆಯನ್ನು ಯಾರೂ ಕೆಡಿಸಬೇಕಾಗಿಲ್ಲ. ಉದ್ದ ಮೈಯ ಮೋಟುಗಾಲಿನ ಡಾಕ್ಸ್‌ಹುಂಡ್ ಜಾತಿಯಲ್ಲಿ ಸುಮಾರು ಐದರಲ್ಲಿ ಒಂದು ನಾಯಿಗೆ ಬದುಕಿನಲ್ಲಿ ಒಮ್ಮೆ ಈ ರೋಗ ತಗಲುತ್ತದೆ. ಹಿಂಗಾಲುಗಳು ಒಮ್ಮೆಲೇ ಬಿದ್ದುಹೋಗುವುದೂ ಉಂಟು. 1952ರಲ್ಲಿ ಸ್ವೀಡನ್ನಿನ ಹಾನ್ಸೆನ್ ಎಂಬ ಪಶುವೈದ್ಯರು ನಾಯಿಗಳ ಬಿಲ್ಲೆರೋಗವನ್ನು ಎರಡು ಬಗೆಯಾಗಿ ವಿಂಗಡಿಸಿದರು. ಆ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಮೋಟುಗಾಲಿನ ಜಾತಿಗಳಲ್ಲಿ ತಿರುಳು ಒಂದು ವರ್ಷದ ಮರಿಯಲ್ಲಿಯೇ ಮೃದ್ವಸ್ಥಿಯಾಗಿ ಗಟ್ಟಿಯಾಗತೊಡಗುತ್ತದೆ. 2017ರಲ್ಲಿ ಕ್ಯಾಲಿಫೋರ್ನಿಯದ ಡೇವಿಸಿನಲ್ಲಿ ಇದರ ಬೇರು ಸಿಕ್ಕಿತು: ಎಫ್.ಜಿ.ಎಫ್. 4 ಎಂಬ ಜೀನಿನ ಹೆಚ್ಚಿನ ನಕಲೊಂದು ಹನ್ನೆರಡನೆಯ ವರ್ಣತಂತುವಿನಲ್ಲಿ ಸೇರಿಕೊಂಡಿದೆ. ಕಾಲನ್ನು ಮೋಟು ಮಾಡಿದ ನಕಲೇ ಬಿಲ್ಲೆಯನ್ನೂ ಕೆಡಿಸಿದೆ. ಮನುಷ್ಯರು ಅಂದಕ್ಕೋ ಬಿಲದ ಬೇಟೆಗೋ ಆರಿಸಿ ಆರಿಸಿ ಬೆಳೆಸಿದ ಗುಣಕ್ಕೆ ನಾಯಿ ತೆರುತ್ತಿರುವ ದಂಡವಿದು ಎಂದರೆ ತಪ್ಪಾಗಲಾರದು. ಮನುಷ್ಯರಲ್ಲಿಯೂ ಹುಟ್ಟಿನ ಪಾಲು ದೊಡ್ಡದೇ. ಫಿನ್ಲೆಂಡಿನ ಅವಳಿಜವಳಿಗಳನ್ನು ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಲ್ಲೆಯ ಸವೆತಕ್ಕೆ ಭಾರದ ದುಡಿಮೆ ಕಾರಣವಾದುದು ಸ್ವಲ್ಪ. ಒಂದೇ ಕುಟುಂಬದಲ್ಲಿ ಹುಟ್ಟಿ ಬೆಳೆದುದು ಬಹಳ.

ಮೊಲದ ಕಿವಿ ಮತ್ತು ಪರಂಗಿಯ ಹಾಲು

ಮಾಂಸ ಬೇಗ ಬೇಯಲೆಂದು ಪಾತ್ರೆಗೆ ಎಳೆಯ ಪರಂಗಿಕಾಯಿಯ ತುಂಡನ್ನು ಹಾಕುವುದು ನಮ್ಮ ಕಡೆಯ ಅಡಿಗೆಮನೆಗಳಲ್ಲಿ ತಿಳಿಯದ ಸಂಗತಿಯಲ್ಲ. ಕಾಯಿಯ ಹಾಲಿನಲ್ಲಿ ಸಸಾರಜನಕವನ್ನು ಕತ್ತರಿಸುವ ಕಿಣ್ವಗಳಿವೆ. ಪಪೇನ್ ಒಂದು, 1941ರಲ್ಲಿ ಬೇರ್ಪಡಿಸಿದ ಕೈಮೋಪಪೇನ್ ಇನ್ನೊಂದು. ಅಮೆರಿಕದ ಲೂಯಿಸ್ ಥಾಮಸ್ ಎಂಬ ವೈದ್ಯವಿಜ್ಞಾನಿ ಬೇರೇನನ್ನೋ ಹುಡುಕುತ್ತ ಮೊಲಗಳ ರಕ್ತನಾಳಕ್ಕೆ ಪಪೇನನ್ನು ಚುಚ್ಚಿದರು. ಮೊಲಗಳು ಆರೋಗ್ಯವಾಗಿಯೇ ಇದ್ದವು. ಆದರೆ ನೆಟ್ಟಗೆ ನಿಂತಿದ್ದ ಕಿವಿಗಳು ಒಂದು ದಿನದೊಳಗೆ ಬಾಡಿದ ಎಲೆಗಳಂತೆ ಜೋತುಬಿದ್ದವು! ಮೂರು ನಾಲ್ಕು ದಿನಗಳಲ್ಲಿ ಮತ್ತೆ ಎದ್ದು ನಿಂತವು. ಥಾಮಸ್ ಮೊದಲು ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳನ್ನು ನೋಡಿ ಏನೂ ಕಾಣದೆ ಬಿಟ್ಟುಬಿಟ್ಟರು. ಕೆಲವು ವರ್ಷಗಳ ಮೇಲೆ ವಿದ್ಯಾರ್ಥಿಗಳಿಗೆ ತೋರಿಸುವುದಕ್ಕಾಗಿ ಚುಚ್ಚಿದ ಮೊಲದ ಕಿವಿಯನ್ನೂ ಚುಚ್ಚದ ಮೊಲದ ಕಿವಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ವ್ಯತ್ಯಾಸ ತಿಳಿಯಿತು. ಕೆಟ್ಟದ್ದು ಕೋಶವಲ್ಲ, ಕೋಶಗಳ ನಡುವಣ ಮೃದ್ವಸ್ಥಿಯ ದ್ರವ್ಯ. ಈ ಶೋಧ 1956ರಲ್ಲಿ ಪ್ರಕಟವಾಯಿತು. ಇದೇ ಜೋಲುಕಿವಿಯನ್ನು ಇನ್ನೊಬ್ಬ ವಿಜ್ಞಾನಿಯೂ ಕಂಡು ಕೈಬಿಟ್ಟಿದ್ದರೆಂದು 1958ರಲ್ಲಿ ಇಬ್ಬರು ಸಮಾಜಶಾಸ್ತ್ರಜ್ಞರು ಬರೆದ ಪ್ರಬಂಧದಿಂದ ತಿಳಿಯುತ್ತದೆ. ಹೋಲಿಸಲು ಒಂದು ಮಾದರಿಯನ್ನು ಪಕ್ಕದಲ್ಲಿಟ್ಟುಕೊಳ್ಳಿರೆಂದು ಪ್ರಯೋಗಶಾಲೆಯಲ್ಲಿ ಉಪಾಧ್ಯಾಯರು ಬೇಸರ ಬರುವಷ್ಟು ಹೇಳುವುದು ಸುಮ್ಮನೆ ಅಲ್ಲ.

ಇಲಿನಾಯ್ಸಿನ ಮೂಳೆವೈದ್ಯ ಲೈಮನ್ ಸ್ಮಿತ್ ಇದನ್ನು ಬಿಲ್ಲೆಗೆ ಅನ್ವಯಿಸಿದರು. ಕಿವಿಯ ಮೃದ್ವಸ್ಥಿಯನ್ನು ಕರಗಿಸುವ ಹಾಲು ಬಿಲ್ಲೆಯ ತಿರುಳನ್ನೇಕೆ ಕರಗಿಸಬಾರದು? ಪ್ರಾಣಿಗಳ ಬಿಲ್ಲೆಗೆ ಕೈಮೋಪಪೇನನ್ನು ಚುಚ್ಚಿ ತಿರುಳು ಕರಗುವುದನ್ನು 1963ರಲ್ಲಿ ತೋರಿಸಿ, ಮರುವರ್ಷವೇ ಮನುಷ್ಯರಲ್ಲಿ ಮಾಡಿದ ಚಿಕಿತ್ಸೆಯನ್ನು ವರದಿ ಮಾಡಿದರು. ಆ ಬಳಿಕ ನಡೆದ ಕಥೆ ಏರಿಳಿತದ್ದು. 1975ರಲ್ಲಿ ಅಮೆರಿಕದಲ್ಲಿ ಔಷಧ ಹಿಂದೆ ಸರಿಯಿತು. ಹೊಸ ಪರೀಕ್ಷೆಗಳಾಗಿ 1982ರಲ್ಲಿ ಅನುಮತಿ ದೊರೆಯಿತು. ಸಾವಿರಾರು ಜನರಿಗೆ ಚುಚ್ಚಿದರು. 2003ರ ಹೊತ್ತಿಗೆ ಅಲ್ಲಿ ಅದರ ಮಾರಾಟವೇ ನಿಂತಿತು. ಪ್ರಾಣಿಗಳು ಸುಳ್ಳು ಹೇಳಿದವೆ? ಒಂದು ಅಪಾಯವನ್ನು ಅವು ಮೊದಲೇ ತೋರಿಸಿದ್ದವು. ಔಷಧ ತಪ್ಪಿ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಬಿದ್ದರೆ ಅಲ್ಲಿನ ಸಣ್ಣ ರಕ್ತನಾಳಗಳು ಒಡೆದು ರಕ್ತ ಸುರಿಯುತ್ತದೆಂದು 1965ರಲ್ಲಿಯೇ ಪ್ರಕಟವಾಗಿತ್ತು. ಇನ್ನೊಂದನ್ನು ಅವು ಹೇಳಲು ಸಾಧ್ಯವೇ ಇರಲಿಲ್ಲ. ಪರಂಗಿಯ ಕಿಣ್ವವನ್ನು ಊಟದಲ್ಲಿ ತಿಂದು ಅದಕ್ಕೆ ಮೈ ಒಗ್ಗದೆ ಹೋದ ಮನುಷ್ಯನಿಗೆ ಅದನ್ನೇ ಬೆನ್ನಿಗೆ ಚುಚ್ಚಿದರೆ ಪ್ರಾಣಾಪಾಯದ ಅಲರ್ಜಿ ಉಂಟಾಗಬಹುದು. ಪಂಜರದ ಮೊಲ ಪರಂಗಿ ಬೆರೆತ ಮಾಂಸವನ್ನು ತಿಂದಿರಲಿಲ್ಲವಷ್ಟೆ.

ಆದರೂ ಆ ದಾರಿ ಮುಚ್ಚಿಹೋಗಲಿಲ್ಲ. ಸಸಾರಜನಕವನ್ನು ಕತ್ತರಿಸುವ ಕಿಣ್ವಕ್ಕೆ ಬದಲಾಗಿ ಸಕ್ಕರೆಯ ಸರಪಳಿಯನ್ನು ಮಾತ್ರ ಕತ್ತರಿಸುವ ಕಿಣ್ವವೊಂದನ್ನು ಬ್ಯಾಕ್ಟೀರಿಯದಿಂದ ಪಡೆದರು. ಅದು ನರವನ್ನೂ ರಕ್ತನಾಳವನ್ನೂ ಅಷ್ಟಾಗಿ ಕೆಣಕುವುದಿಲ್ಲ. ಕುರಿಗಳ ಬಿಲ್ಲೆಗೆ ಅದನ್ನು ಚುಚ್ಚಿದಾಗ ಒತ್ತಡ ಇಳಿಯುವುದನ್ನು 2001ರಲ್ಲಿ ಜಪಾನಿನವರು ಅಳೆದು ತೋರಿಸಿದರು. ಋಣವಿದ್ಯುತ್ತಿನ ಸರಪಳಿ ಹೋದರೆ ನೀರಿನ ಸೆಳೆತವೂ ಹೋಗಬೇಕೆಂಬ ಭೌತಶಾಸ್ತ್ರದ ನಿರೀಕ್ಷೆ ಇಲ್ಲಿ ಕಣ್ಣಿಗೆ ಕಂಡಿತು. ಕಾಂಡೋಲಿಯೇಸ್ ಎಂಬ ಹೆಸರಿನಿಂದ 2018ರಲ್ಲಿ ಅದಕ್ಕೆ ಜಪಾನಿನಲ್ಲಿ ಅನುಮತಿ ದೊರೆಯಿತು. ಒಬ್ಬ ರೋಗಿಗೆ ಅದನ್ನು ಒಮ್ಮೆ ಮಾತ್ರ ಕೊಡತಕ್ಕುದು.

ಇಷ್ಟನ್ನು ಓದಿದ ವಾಚಕರು ನೋವೆಂಬುದು ಬರಿಯ ಒತ್ತಡದ ಲೆಕ್ಕವೆಂದು ಭಾವಿಸಬಹುದು. ನಮ್ಮಂಥ ಭೌತಶಾಸ್ತ್ರದವರಿಗೆ ಅದೇ ಪ್ರಿಯವೂ ಹೌದು. ಹಂದಿ ಅದನ್ನು ಒಪ್ಪಲಿಲ್ಲ. 1993ರಲ್ಲಿ ಸ್ವೀಡನ್ನಿನ ಓಲ್ಮಾರ್ಕರ್ ಮತ್ತು ಸಂಗಡಿಗರು ಹಂದಿಯದೇ ತಿರುಳನ್ನು ಅದರ ನರದ ಬುಡದ ಮೇಲೆ, ಸ್ವಲ್ಪವೂ ಒತ್ತದೆ, ಸುಮ್ಮನೆ ಸವರಿದರು. ಒಂದು ವಾರದಲ್ಲಿ ನರದಲ್ಲಿ ಸಂಕೇತ ಹರಿಯುವ ವೇಗ ಕುಗ್ಗಿತು. ತಿರುಳು ಒತ್ತುವುದಷ್ಟೇ ಅಲ್ಲ, ಉರಿಯನ್ನೂ ಎಬ್ಬಿಸುತ್ತದೆ. ಆ ಉರಿಯ ಕಾರಣಗಳಲ್ಲಿ ಟಿ.ಎನ್.ಎಫ್. ಎಂಬ ಸಸಾರಜನಕ ಒಂದೆಂದು ಬಳಿಕ ತಿಳಿದು, ಅದನ್ನು ತಡೆಯುವ ಔಷಧವನ್ನು ಸಯಾಟಿಕ ರೋಗಿಗಳಿಗೆ ಕೊಟ್ಟು ನೋಡಿದರು. ಮೊದಲ ವರದಿ ಆಶಾದಾಯಕವಾಗಿತ್ತು; ಆದರೆ ಸಪ್ಪೆಮದ್ದಿನೊಡನೆ ಹೋಲಿಸಿ ನೋಡಿದ ಫಿನ್ಲೆಂಡಿನ ಪರೀಕ್ಷೆಯಲ್ಲಿ, 2005ರಲ್ಲಿ, ವ್ಯತ್ಯಾಸ ಕಾಣಲಿಲ್ಲ.

ಗಾತ್ರದ ತೊಡಕು

ಈಗ ಮುಖ್ಯವಾದ ಮಾತಿಗೆ ಬರೋಣ. ತಿರುಳನ್ನು ಕರಗಿಸುವುದು ಒಂದು. ಕೆಟ್ಟ ತಿರುಳನ್ನು ಮತ್ತೆ ಬೆಳೆಸುವುದು ಇನ್ನೊಂದು. ಮೊಲದ ಬಿಲ್ಲೆಗೆ ಬೆಳವಣಿಗೆಯ ಸಸಾರಜನಕವೊಂದನ್ನು ಚುಚ್ಚಿ ಬಿಲ್ಲೆಯ ಎತ್ತರ ಹೆಚ್ಚಿದುದನ್ನು 2005ರಲ್ಲಿ ಅಮೆರಿಕದಲ್ಲಿ ತೋರಿಸಿದರು. ಮನುಷ್ಯರಿಗೆ ಅದು ಚಿಕಿತ್ಸೆಯಾಗಿ ಇಂದಿಗೂ ಒದಗಿಲ್ಲ. ಇದೇಕೆ?

ಬೆಳೆದ ಬಿಲ್ಲೆಯ ತಿರುಳಿನಲ್ಲಿ ರಕ್ತನಾಳವಿಲ್ಲ. ಮೇಲಿನ ಮತ್ತು ಕೆಳಗಿನ ಮೂಳೆಯ ಅಂಚಿನವರೆಗೆ ಬಂದ ರಕ್ತದಿಂದ ಸಕ್ಕರೆಯೂ ಆಮ್ಲಜನಕವೂ ವಿಸರಣೆಯಿಂದ ತೆವಳಿಕೊಂಡು ಒಳಗೆ ಹೋಗಬೇಕು. ವಿಸರಣೆಗೆ ಬೇಕಾದ ಕಾಲ ದೂರಕ್ಕೆ ಅನುಪಾತದಲ್ಲಿಲ್ಲ, ದೂರದ ವರ್ಗಕ್ಕೆ ಅನುಪಾತದಲ್ಲಿದೆ. ಮನುಷ್ಯನ ಸೊಂಟದ ಬಿಲ್ಲೆ ಸುಮಾರು 10 ಮಿಲಿಮೀಟರು ದಪ್ಪ. ಅಂಚಿನಿಂದ ನಡುವಿಗೆ 5 ಮಿಲಿಮೀಟರು. ಇಲಿಯದು ಸುಮಾರು 1 ಮಿಲಿಮೀಟರು, ನಡುವಿಗೆ ಅರ್ಧ. ದೂರದ ವರ್ಗವನ್ನು ವಿಸರಣಾಂಕದ ಎರಡರಷ್ಟರಿಂದ ಭಾಗಿಸಿ ನೋಡಿ. ತಿರುಳಿನಲ್ಲಿ ಗ್ಲೂಕೋಸಿನ ವಿಸರಣಾಂಕವನ್ನು ಸೆಕೆಂಡಿಗೆ ಒಂದು ಚದರ ಮಿಲಿಮೀಟರಿನ ಹತ್ತುಸಾವಿರದಲ್ಲಿ ನಾಲ್ಕು ಭಾಗವೆಂದು ಹಿಡಿದರೆ, ಇಲಿಯ ಬಿಲ್ಲೆಯ ನಡುವಿಗೆ ಸಕ್ಕರೆ ತಲುಪಲು 5 ನಿಮಿಷ ಸಾಕು. ಮನುಷ್ಯನ ಬಿಲ್ಲೆಯ ನಡುವಿಗೆ ಸುಮಾರು 9 ಗಂಟೆ ಬೇಕು. ದೂರ ಹತ್ತು ಪಟ್ಟಾದರೆ ಕಾಲ ನೂರು ಪಟ್ಟು! ಇಲಿಯ ಅಥವಾ ಮೊಲದ ಬಿಲ್ಲೆಯಲ್ಲಿ ಹೊಸ ಕೋಶಗಳನ್ನು ನೆಟ್ಟರೆ ಅವು ಉಂಡು ಬದುಕಿಯಾವು. ಮನುಷ್ಯನ ಕೆಟ್ಟ ಬಿಲ್ಲೆಯೊಳಗೆ ನೆಟ್ಟರೆ ಬರದ ನಾಡಿಗೆ ವಲಸೆ ಹೋದಂತೆ. ಮೊದಲೇ ಇದ್ದ ಕೋಶಗಳಿಗೆ ಸಾಲದ ಅನ್ನವನ್ನು ಹೊಸಬರೂ ಹಂಚಿಕೊಳ್ಳಬೇಕು.

ಮತ್ತೊಂದು ಭೇದ ಕೋಶಗಳದು. ಭ್ರೂಣದಲ್ಲಿ ಬೆನ್ನೆಲುಬಿಗೆ ಮುಂಚೆ ಮೂಡುವ ನೋಟೊಕಾರ್ಡ್ ಎಂಬ ದಂಡದ ಕೋಶಗಳು ಇಲಿ, ಮೊಲ, ಹಂದಿಗಳ ತಿರುಳಿನಲ್ಲಿ ಬೆಳೆದ ಮೇಲೆಯೂ ಉಳಿದಿರುತ್ತವೆ. ತಿರುಳನ್ನು ಹೊಸದಾಗಿ ಕಟ್ಟಬಲ್ಲವು ಅವೇ. ಮನುಷ್ಯನಲ್ಲಿ ಹತ್ತು ವರ್ಷದ ಸುಮಾರಿಗೆ ಅವು ಮಾಯವಾಗುತ್ತವೆ. ಕುರಿ, ಮೇಕೆ, ದನ, ಮೋಟುಗಾಲಿನ ನಾಯಿಗಳೂ ಈ ವಿಷಯದಲ್ಲಿ ನಮ್ಮಂತೆಯೇ. ಹಾಗಾದರೆ ಕುರಿಯ ಮಾತನ್ನು ಪೂರ್ತಿ ನಂಬಬಹುದೆ? ಮೇಲೆ ಹೇಳಿದ ಜಪಾನಿನ ಕಿಣ್ವದ ಜಾತಿಯದನ್ನೇ ಬಳಸಿ ಕುರಿಗಳ ಬಿಲ್ಲೆಯನ್ನು ಕೆಡಿಸಿ, ಆಮೇಲೆ ಅಸ್ಥಿಮಜ್ಜೆಯ ಆದಿಕೋಶಗಳನ್ನು ಚುಚ್ಚಿ ಬಿಲ್ಲೆಯ ಎತ್ತರ ಮರಳಿದುದನ್ನು ಆಸ್ಟ್ರೇಲಿಯದವರು 2012ರಲ್ಲಿ ಪ್ರಕಟಿಸಿದರು. ಅಂಥ ಕೋಶಗಳನ್ನೇ 404 ರೋಗಿಗಳ ಪರೀಕ್ಷೆಯಲ್ಲಿ ಕೊಟ್ಟುನೋಡಿದಾಗ, 2021ರಲ್ಲಿ ಹೊರಬಿದ್ದ ಫಲಿತಾಂಶದಂತೆ, ಮುಂಚೆ ಗೊತ್ತುಮಾಡಿಕೊಂಡಿದ್ದ ಮುಖ್ಯ ಗುರಿಯನ್ನು ಮುಟ್ಟಲಾಗಲಿಲ್ಲ. ಕುರಿಯ ಬಿಲ್ಲೆಯನ್ನು ಕಿಣ್ವ ಕೆಡಿಸಿದ್ದು ಕೆಲವು ವಾರಗಳಲ್ಲಿ. ಮನುಷ್ಯನದು ಕೆಟ್ಟಿದ್ದು ಮೂವತ್ತು ವರ್ಷಗಳಲ್ಲಿ. ಇದಲ್ಲದೆ, ಎಲ್ಲಿ ಎಷ್ಟು ನೋಯುತ್ತಿದೆಯೆಂದು ಕುರಿಯನ್ನು ಕೇಳುವುದಾದರೂ ಹೇಗೆ?

ಇದು ವಿದ್ವಾಂಸರ ಚರ್ಚೆ ಮಾತ್ರವಲ್ಲ. ನಾಗಮಂಗಲದ ಬೆದ್ದಲಿನಲ್ಲಿ ರಾಗಿ ಬೆಳೆಯುವವನು ಸೊಂಟದ ನೋವಿನಿಂದ ಮಲಗಿದಾಗ, ಆದಿಕೋಶದ ಒಂದು ಚುಚ್ಚುಮದ್ದಿನಿಂದ ಬಿಲ್ಲೆ ಮತ್ತೆ ಬೆಳೆಯುವುದೆಂದು ಯಾರಾದರೂ ಹೇಳಿದರೆ ಹೊಲ ಮಾರಿಯಾದರೂ ಹಣ ತರಲು ಮನಸ್ಸಾದೀತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ರಕ್ತಸಂಬಂಧವಾದ ಕೆಲವು ರೋಗಗಳನ್ನು ಬಿಟ್ಟು ಉಳಿದವುಗಳಿಗೆ ಆದಿಕೋಶವನ್ನು ಅನುಮತಿ ಪಡೆದ ಪರೀಕ್ಷೆಯಲ್ಲಿ ಹೊರತು ಚಿಕಿತ್ಸೆಯೆಂದು ಕೊಡಕೂಡದೆಂದು ಹೇಳಿದೆ. ಹೊರಬಿದ್ದ ತಿರುಳನ್ನು ಶರೀರವೇ ಎಷ್ಟೋ ವೇಳೆ ಮೆಲ್ಲಮೆಲ್ಲನೆ ಕರಗಿಸಿಬಿಡುತ್ತದೆಂಬುದನ್ನೂ ಆ ರೈತನಿಗೆ ತಿಳಿಸಬೇಕು. ನೆದರ್ಲೆಂಡ್ಸಿನಲ್ಲಿ 2007ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ತೀವ್ರ ಸಯಾಟಿಕದ ರೋಗಿಗಳಲ್ಲಿ ಕೆಲವರಿಗೆ ಬೇಗನೆ ಶಸ್ತ್ರಚಿಕಿತ್ಸೆ ಮಾಡಿದರು, ಕೆಲವರನ್ನು ಕಾಯಲು ಬಿಟ್ಟರು. ಬೇಗ ಕೊಯ್ಸಿಕೊಂಡವರ ನೋವು ಬೇಗ ಇಳಿಯಿತು. ಕಾದವರಲ್ಲಿ ಶೇಕಡ 39 ಮಂದಿಗೆ ನಡುವೆ ಶಸ್ತ್ರಚಿಕಿತ್ಸೆ ಬೇಕಾಯಿತು. ವರ್ಷದ ಕೊನೆಗೆ ಎರಡು ಗುಂಪುಗಳಲ್ಲಿಯೂ ಶೇಕಡ 95 ಮಂದಿ ಚೇತರಿಸಿಕೊಂಡಿದ್ದರು. ಕಾಯಕೂಡದ ಸಂದರ್ಭವೂ ಒಂದುಂಟು. ಮೂತ್ರ ಕಟ್ಟುವುದು ಅಥವಾ ತಡೆಯಲಾಗದಿರುವುದು, ತೊಡೆಸಂದಿ ಮರಗಟ್ಟುವುದು, ಕಾಲಿನ ಬಲ ಕುಂದುತ್ತ ಬರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗತಕ್ಕುದು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿಯೇ ಆದಿಚುಂಚನಗಿರಿಯ ವೈದ್ಯಕೀಯ ಕಾಲೇಜು ಇದೆ.

ಪ್ರಾಣಿಗಳ ಕಡೆಯಿಂದಲೂ ಒಂದು ಮಾತು. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು, ಸಾಧ್ಯವಾದಲ್ಲಿ ಪ್ರಾಣಿಗೆ ಬದಲು ಬೇರೆ ಸಾಧನವನ್ನು ಬಳಸಬೇಕು, ಆಗದಿದ್ದರೆ ಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸಬೇಕು, ಅವುಗಳ ನೋವನ್ನು ಕಡಿಮೆ ಮಾಡಬೇಕು ಎಂದು ಮೂರು ನಿಯಮಗಳನ್ನು ಮುಂದಿಟ್ಟರು. ನಮ್ಮ ದೇಶದಲ್ಲಿಯೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಇಂತಹ ಪ್ರಯೋಗಗಳ ಮೇಲೆ ಕಣ್ಣಿಡುವ ಸಮಿತಿಯುಂಟು. ಬಿಲ್ಲೆಯ ಸಂಶೋಧನೆಯಲ್ಲಿ ಈ ನಿಯಮಗಳು ಫಲ ಕೊಟ್ಟಿವೆ. ಯೂರೋಪಿನ ಕೆಲವು ಪ್ರಯೋಗಶಾಲೆಗಳಲ್ಲಿ ಕಸಾಯಿಖಾನೆಯಿಂದ ದನದ ಬಾಲವನ್ನು ತಂದು, ಅದರ ಬಿಲ್ಲೆಗಳನ್ನು ಪೋಷಕ ದ್ರವದಲ್ಲಿ ವಾರಗಟ್ಟಲೆ ಜೀವಂತವಾಗಿಟ್ಟು, ಹಗಲು ಭಾರ ಹೇರಿ ರಾತ್ರಿ ಇಳಿಸಿ, ಪರೀಕ್ಷಿಸುತ್ತಾರೆ. ಬಾಲದ ಬಿಲ್ಲೆಯ ಗಾತ್ರ ಮನುಷ್ಯನದಕ್ಕೆ ಸಮೀಪ. ವರ್ಗದ ನಿಯಮ ಅಲ್ಲಿ ಅಷ್ಟು ಮೋಸ ಮಾಡುವುದಿಲ್ಲ. ನೆದರ್ಲೆಂಡ್ಸಿನ ಉಟ್ರೆಕ್ಟಿನ ಪಶುವೈದ್ಯ ಶಾಲೆಯವರು ಇನ್ನೊಂದು ದಾರಿ ಹಿಡಿದಿದ್ದಾರೆ. ರೋಗ ತಾನಾಗಿಯೇ ಬಂದ ಮನೆನಾಯಿಗಳಿಗೆ, ಒಡೆಯರ ಒಪ್ಪಿಗೆ ಪಡೆದು, ಹೊಸ ಚಿಕಿತ್ಸೆಗಳನ್ನು ಕೊಟ್ಟು ನೋಡುತ್ತಾರೆ. ಇಲ್ಲಿ ನಾಯಿ ಪ್ರಯೋಗಕ್ಕೆ ಸಾಮಗ್ರಿಯಲ್ಲ. ತಾನೂ ಒಬ್ಬ ರೋಗಿ. ಗುಣವಾದರೆ ಮೊದಲು ಎದ್ದು ನಡೆಯುವುದು ಅದೇ.